ಯಾವ ಲೆಕ್ಕಕ್ಕೆ ಯಾವ ವಿತರಣೆ?

ಪ್ರಶ್ನೆ: ದ್ವಿಪದ, ಪಾಯ್ಸನ್, ನಾರ್ಮಲ್ ಈ ಮೂರು ಸಂಭವನೀಯತೆ ವಿತರಣೆಗಳ (ಯಾವ ಫಲಿತಾಂಶಕ್ಕೆ ಎಷ್ಟು ಸಾಧ್ಯತೆ ಅಂತ ಹೇಳುವ ಮಾದರಿಗಳ) ಸೂತ್ರವೂ ಬಾಯಿಪಾಠ. ಆದರೆ ಲೆಕ್ಕ ಎದುರಿಗೆ ಬಂದಾಗ ಯಾವುದನ್ನು ಹಿಡಿಯಬೇಕು ಅಂತ ತೋಚುವುದಿಲ್ಲ. ಏನು ಮಾಡಲಿ?

ಉತ್ತರ: ಸೂತ್ರ ಬದಿಗಿಡಿ. ಏನನ್ನು ಎಣಿಸುತ್ತಿದ್ದೀರಿ ಅಂತ ಮೊದಲು ನೋಡಿ. ನಾಣ್ಯವನ್ನು 10 ಸಲ ಚಿಮ್ಮಿದರೆ ಎಷ್ಟು ಹೆಡ್? ಎಷ್ಟು ಸಲ ಅನ್ನುವುದು ಮೊದಲೇ ಗೊತ್ತು, ಪ್ರತಿ ಸಲವೂ ಸಾಧ್ಯತೆ ಅಷ್ಟೇ. ಇದು ದ್ವಿಪದ.

ನನಗೆ ಪಾಯ್ಸನ್ ಮೇಲೆ ಪ್ರೀತಿ ಜಾಸ್ತಿ. ಅಪರೂಪದ ಘಟನೆ ಇಂತಿಷ್ಟು ಸಮಯದಲ್ಲಿ ಎಷ್ಟು ಸಲ ನಡೆಯುತ್ತದೆ ಅನ್ನುವ ಲೆಕ್ಕ ಇದರದು. 1898ರಲ್ಲಿ ಬೋರ್ಟ್‌ಕೀವಿಚ್ ಎಂಬವರು ಪ್ರಷ್ಯಾ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಲೆಕ್ಕ ಪ್ರಕಟಿಸಿದರು. ಅದರಲ್ಲಿ 10 ದಳಗಳನ್ನು ತೆಗೆದುಕೊಳ್ಳಿ. 20 ವರ್ಷಕ್ಕೆ 122 ಸಾವು, ಅಂದರೆ ದಳವೊಂದಕ್ಕೆ ವರ್ಷಕ್ಕೆ ಸರಾಸರಿ 0.61. ಈ ಒಂದೇ ಸಂಖ್ಯೆ ಕೊಟ್ಟರೆ ಸಾಕು, 200 ದಾಖಲೆಗಳಲ್ಲಿ (10 ದಳ, 20 ವರ್ಷ; ದಳವೊಂದಕ್ಕೆ ವರ್ಷಕ್ಕೊಂದು ದಾಖಲೆ) ಸುಮಾರು 109ರಲ್ಲಿ ಸಾವೇ ಇರುವುದಿಲ್ಲ ಅನ್ನುತ್ತದೆ ಪಾಯ್ಸನ್. ನಿಜಕ್ಕೂ ಇದ್ದದ್ದು 109! ಎರಡು ಸಾವಿನ ದಾಖಲೆ 20 ಇರಬೇಕಿತ್ತು, 22 ಇದ್ದವು. ಎಷ್ಟು ಹತ್ತಿರ, ಅಲ್ವಾ?

ನಾರ್ಮಲ್ ಇರುವುದು ಎಣಿಕೆಗಿಂತ ಹೆಚ್ಚಾಗಿ ಅಳತೆಗೆ. ವಯಸ್ಕ ಗಂಡಸರ ಎತ್ತರಕ್ಕೆ ಚೆನ್ನಾಗಿ ಹೊಂದುತ್ತದೆ. ಆದಾಯಕ್ಕೆ ಮಾತ್ರ ಸುಮ್ನೆ ಹಾಕಬೇಡಿ. ನಾರ್ಮಲ್‌ನ ನಕ್ಷೆ ಎರಡೂ ಕಡೆ ಸಮ, ಆದಾಯದ ನಕ್ಷೆಯ ಬಾಲ ಮಾತ್ರ ಹೆಚ್ಚು ಆದಾಯದ ಕಡೆಗೆ, ಅಂದರೆ ಬಲಗಡೆಗೇ ಉದ್ದ.