1965ರ ಕಾನೂನು ಇದ್ದರೂ ಅಮೆರಿಕದಲ್ಲಿ ಓಟಿನ ಹಕ್ಕಿಗೆ ಹೊಸ ಮಸೂದೆ ಯಾಕೆ?

ಪ್ರಶ್ನೆ: ನನ್ನ ಮಗಳು ಹ್ಯೂಸ್ಟನ್‌ನಲ್ಲಿದ್ದಾಳೆ. ಕಳೆದ ವರ್ಷ ಅಲ್ಲಿನ ಪೌರತ್ವ ಸಿಕ್ಕಿತು, ಈಗ ಮೊದಲ ಸಲ ಓಟು ಹಾಕುತ್ತಾಳೆ. ಓಟಿನ ಹಕ್ಕು ಕಾಪಾಡುವ ಮಸೂದೆ ಅಂತ ಅಲ್ಲಿ ವರ್ಷಗಳಿಂದ ಜಗ್ಗಾಟ ನಡೀತಿದೆಯಂತೆ. 1965ರಲ್ಲೇ ಕಾನೂನು ಬಂದಿತ್ತು ಅಲ್ವಾ? ಮತ್ತೆ ಇನ್ನೊಂದು ಯಾಕೆ?
– ಓದುಗರು, ಶಿವಮೊಗ್ಗ

ಉತ್ತರ: ಮಗಳಿಗೆ ನನ್ನ ಶುಭಾಶಯ ತಿಳಿಸಿ. ನೀವು ಹೇಳಿದ ಕಾನೂನು ಪುಸ್ತಕದಲ್ಲಿ ಇದೆ. ಅದಕ್ಕೆ ಜೀವಾಳವಾಗಿದ್ದ ಏರ್ಪಾಡು ಮಾತ್ರ 2013ರಿಂದ ನಿಂತುಹೋಗಿದೆ.

ನಮ್ಮ ಚುನಾವಣಾ ಆಯೋಗದ ಹಾಗೆ ಇಡೀ ದೇಶದ ಚುನಾವಣೆ ನಡೆಸುವ ಒಂದು ಸಂಸ್ಥೆ ಅಲ್ಲಿಲ್ಲ. ನಿಯಮ ಮಾಡುವುದು ರಾಜ್ಯ, ನಡೆಸುವುದು ಕೌಂಟಿ, ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ಹಾಗಾಗಿ ಯಾರ ಓಟು ಬೇಡವೋ ಅವರನ್ನು ಸದ್ದಿಲ್ಲದೆ ದೂರ ಇಡುವ ದಾರಿ ಅಲ್ಲಿನ ಅಧಿಕಾರಿಗಳ ಕೈಯಲ್ಲೇ ಇತ್ತು. ಅಲಬಾಮಾದ ಸೆಲ್ಮಾ ಊರನ್ನೇ ನೋಡಿ. ಹೆಸರು ಸೇರಿಸುವ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ. ಕರಿಯರು ಬೆಳಗ್ಗೆಯಿಂದ ಸಾಲಲ್ಲಿ ನಿಂತು ಒಳಗೆ ಹೋದರೆ ಪರೀಕ್ಷೆ, ಪಾಸೋ ಫೇಲೋ ಅಂತ ಹೇಳುವವನು ಅಲ್ಲಿ ಕೂತ ಬಿಳಿಯ ಅಧಿಕಾರಿ. ಆ ಕೌಂಟಿಯಲ್ಲಿ ಓಟಿನ ವಯಸ್ಸಿನ ಸುಮಾರು 15,000 ಕರಿಯರಲ್ಲಿ ಪಟ್ಟಿಯಲ್ಲಿದ್ದವರು ಮುನ್ನೂರು ಚಿಲ್ಲರೆ. 1965ರ ಮಾರ್ಚ್ 7ರಂದು ಇದರ ವಿರುದ್ಧ ಸೇತುವೆ ದಾಟಿ ಹೊರಟವರನ್ನು ಪೊಲೀಸರು ಬಡಿದರು. 25 ವರ್ಷದ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಅದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆಗಸ್ಟ್ 6ಕ್ಕೆ ಅಧ್ಯಕ್ಷ ಜಾನ್ಸನ್ ಕಾನೂನಿಗೆ ಸಹಿ ಹಾಕಿದರು.

ಅದರ ಜೀವಾಳ ಇಷ್ಟೇ: ಹಿಂದೆ ಅನ್ಯಾಯ ಮಾಡಿದ ರಾಜ್ಯಗಳು ಚುನಾವಣೆಯ ಯಾವ ನಿಯಮ ಬದಲಿಸಬೇಕಾದರೂ ಮೊದಲೇ ವಾಷಿಂಗ್ಟನ್‌ನ ಒಪ್ಪಿಗೆ ಪಡೆಯಬೇಕು. ಒಂದು ಮತಗಟ್ಟೆಯನ್ನು ಪಕ್ಕದ ಬೀದಿಗೆ ಸಾಗಿಸಬೇಕಾದರೂ ಅಷ್ಟೇ. ಮಿಸಿಸಿಪ್ಪಿಯಲ್ಲಿ ನೂರಕ್ಕೆ ಏಳರಷ್ಟೂ ಇರದಿದ್ದ ಕರಿಯ ಮತದಾರರ ನೋಂದಣಿ ಎರಡು ಮೂರು ವರ್ಷದಲ್ಲಿ ಅರವತ್ತರ ಹತ್ತಿರ ಬಂತು.

2013ರ ಜೂನ್ 25ರಂದು ಶೆಲ್ಬಿ ಕೌಂಟಿ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಯಾವ ರಾಜ್ಯಗಳು ಒಪ್ಪಿಗೆ ಕೇಳಬೇಕು ಅನ್ನುವ ಲೆಕ್ಕಾಚಾರ ತೀರಾ ಹಳೆಯದು ಅಂತ 5–4ರಲ್ಲಿ ರದ್ದು ಮಾಡಿತು. ಬೇಕಾದರೆ ಸಂಸತ್ತು ಹೊಸದು ಮಾಡಲಿ ಅಂದಿತು. ನಿಮ್ಮ ಮಗಳಿರುವ ಟೆಕ್ಸಾಸ್, 2012ರಲ್ಲಿ ಒಪ್ಪಿಗೆ ಸಿಗದೆ ನಿಂತಿದ್ದ ತನ್ನ ಗುರುತಿನ ಚೀಟಿ ಕಾನೂನನ್ನು ಅದೇ ದಿನ ಜಾರಿ ಮಾಡುತ್ತೇನೆ ಅಂತ ಸಾರಿತು. ಆ ಕಾನೂನಿನಲ್ಲಿ ಬಂದೂಕಿನ ಲೈಸೆನ್ಸ್ ತೋರಿಸಿ ಓಟು ಹಾಕಬಹುದಿತ್ತು, ಸರ್ಕಾರಿ ಯೂನಿವರ್ಸಿಟಿಯ ವಿದ್ಯಾರ್ಥಿ ಐಡಿ ನಡೆಯುತ್ತಿರಲಿಲ್ಲ. ಜನ ಕೋರ್ಟಿಗೆ ಹೋದರು. ಕರಿಯರಿಗೂ ಲ್ಯಾಟಿನೋಗಳಿಗೂ ಇದರಿಂದ ಜಾಸ್ತಿ ಪೆಟ್ಟು ಅಂತ ಮೇಲ್ಮನವಿ ಕೋರ್ಟಿನ ಪೂರ್ಣಪೀಠ ಹೇಳಿದ್ದು 2016ರಲ್ಲಿ. ಅಷ್ಟರಲ್ಲಿ 2014ರ ಚುನಾವಣೆ ಅದೇ ನಿಯಮದಲ್ಲಿ ಮುಗಿದೇ ಹೋಗಿತ್ತು! ನನಗೆ ಸಂಕಟವಾಗುವುದು ಇಲ್ಲಿ. ಹೋದ ಓಟನ್ನು ಯಾವ ಕೋರ್ಟೂ ವಾಪಸ್ ಕೊಡಲಾರದು. ಮೊದಲು ರಾಜ್ಯವೇ ತನ್ನ ನಿಯಮ ಸರಿ ಅಂತ ಸಾಬೀತು ಮಾಡಬೇಕಿತ್ತು, ಈಗ ಮತದಾರನೇ ವಕೀಲರನ್ನಿಟ್ಟು ವರ್ಷಗಟ್ಟಲೆ ಅಲೆಯಬೇಕು.

ನೀವು ಕೇಳಿದ ಹೊಸ ಮಸೂದೆಗೆ ಸೆಲ್ಮಾದಲ್ಲಿ ಪೆಟ್ಟು ತಿಂದ ಅದೇ ಜಾನ್ ಲೂಯಿಸ್ ಅವರ ಹೆಸರು. ಅದು ತುಂಬಲು ಹೊರಟಿದ್ದು ಈ ಜಾಗವನ್ನೇ. ಕಳೆದ 25 ವರ್ಷದಲ್ಲಿ ಒಂದು ರಾಜ್ಯದಲ್ಲಿ ಓಟಿನ ಹಕ್ಕಿನ 15 ಉಲ್ಲಂಘನೆ ಸಾಬೀತಾದರೆ, ಅಥವಾ ರಾಜ್ಯ ಸರ್ಕಾರವೇ ಮಾಡಿದ ಒಂದಾದರೂ ಸೇರಿ 10 ಆದರೆ, ಆ ರಾಜ್ಯ ಹತ್ತು ವರ್ಷ ಒಪ್ಪಿಗೆ ಕೇಳಬೇಕು. ಲೆಕ್ಕ ವರ್ಷವರ್ಷವೂ ಮುಂದೆ ಸರಿಯುತ್ತದೆ, ಸರಿಯಾಗಿ ನಡೆದುಕೊಂಡ ರಾಜ್ಯ ಪಾರು. ಇದು ನ್ಯಾಯವಾಗಿದೆ ಅಂತಲೇ ನನ್ನ ಅಭಿಪ್ರಾಯ. 2021ರ ಆಗಸ್ಟ್‌ನಲ್ಲಿ ಕೆಳಮನೆ 219–212ರಲ್ಲಿ ಪಾಸು ಮಾಡಿತು. ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ನೂರರಲ್ಲಿ 60 ಮತ ಬೇಕು, ಸಿಗಲಿಲ್ಲ. 2022ರ ಜನವರಿಯಲ್ಲಿ ಅಲ್ಲೇ ಬಿತ್ತು. ಇದೇ ಸೆನೆಟ್ 2006ರಲ್ಲಿ ಹಳೆಯ ಕಾನೂನನ್ನು 98–0ರಲ್ಲಿ ಮುಂದುವರಿಸಿತ್ತು.

ಒಂದು ಸುಧಾರಣೆಯಂತೂ ಆಯಿತು. ಅಧ್ಯಕ್ಷರ ಚುನಾವಣೆಯ ಫಲಿತಾಂಶ ತಡೆಯಲು ಜನ ಸಂಸತ್ ಭವನಕ್ಕೆ ನುಗ್ಗಿದ 2021ರ ಜನವರಿ 6ರ ಗಲಭೆಯ ನಂತರ, ಆ ಚುನಾವಣೆಯ ಮತಗಳನ್ನು ಸಂಸತ್ತಿನಲ್ಲಿ ಎಣಿಸುವ 1887ರ ಕಾನೂನನ್ನು 2022ರ ಡಿಸೆಂಬರ್‌ನಲ್ಲಿ ತಿದ್ದಿದರು. ಉಪಾಧ್ಯಕ್ಷರು ತಾವಾಗಿ ಫಲಿತಾಂಶ ತಳ್ಳಿಹಾಕುವಂತಿಲ್ಲ. ತಕರಾರು ಎತ್ತಲು ಮೊದಲು ಪ್ರತಿ ಸದನದಿಂದ ಒಬ್ಬೊಬ್ಬರು ಸಾಕಿತ್ತು, ಈಗ ಐದನೇ ಒಂದು ಭಾಗ ಸದಸ್ಯರು ಬೇಕು.

ಮಗಳಿಗೆ ಇಷ್ಟು ಹೇಳಿ: ಟೆಕ್ಸಾಸ್‌ನಲ್ಲಿ ಚುನಾವಣೆಗೆ 30 ದಿನ ಮೊದಲೇ ಹೆಸರು ನೋಂದಾಯಿಸಬೇಕು. ಸುಮ್ನೆ ಅರ್ಜಿ ಹಾಕಿ ಕೂರದೆ, ಪಟ್ಟಿಯಲ್ಲಿ ಹೆಸರು ಬಂದಿದೆಯಾ ಅಂತ ನೋಡಿಕೊಳ್ಳಲಿ. ಓಟಿನ ದಿನ ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಅಥವಾ ಫೋಟೋ ಇರುವ ಪೌರತ್ವದ ಪ್ರಮಾಣಪತ್ರ ಜೊತೆಗಿರಲಿ.