ಕೊನೆಯ ಸೆಮಿಸ್ಟರ್‌ನ ಕಳವಳ: ಯಾವುದು ಮೊದಲು, ಯಾವುದು ಆಮೇಲೆ?

ಪದವಿಯ ಕೊನೆಯ ಹಂತದಲ್ಲಿರುವ ವಿದ್ಯಾರ್ಥಿಗಳು ಬರೆದ ಮೂರು ಪತ್ರಗಳನ್ನು ಈ ಬಾರಿ ಆಯ್ದುಕೊಳ್ಳಲಾಗಿದೆ. ಉತ್ತರಿಸಿದವರು ವಿದ್ಯಾರ್ಥಿಗಳ ಆಪ್ತ ಸಮಾಲೋಚನೆಯಲ್ಲಿ ಬಹುಕಾಲದಿಂದ ತೊಡಗಿರುವ ಕಾಲೇಜು ಪ್ರಾಧ್ಯಾಪಕರು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ ಖಾಸಗಿ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಎಂಟನೇ ಸೆಮಿಸ್ಟರ್ ಓದುತ್ತಿದ್ದೇನೆ. ಊರು ಗದಗ ಜಿಲ್ಲೆ. ಎರಡು ಸಬ್ಜೆಕ್ಟ್ ಪಾಸಾಗದೆ ಬ್ಯಾಕ್ ಉಳಿದಿರುವುದರಿಂದ ಕ್ಯಾಂಪಸ್‌ಗೆ ಬಂದ ಹೆಚ್ಚಿನ ಕಂಪನಿಗಳಿಗೆ ನಾನು ಎಲಿಜಿಬಲ್ ಆಗಲಿಲ್ಲ. ಕೂರಲು ಬಿಟ್ಟ ಕಡೆ ಆಪ್ಟಿಟ್ಯೂಡ್ ಸುತ್ತಿನಲ್ಲೇ ಹೊರಬಿದ್ದೆ. ನಾಲ್ವರ ಪ್ರಾಜೆಕ್ಟ್ ತಂಡದಲ್ಲಿ ಉಳಿದ ಮೂವರು ಪ್ಲೇಸ್ ಆಗಿದ್ದಾರೆ, ವರ್ಕ್‌ಶಾಪ್ ಕಡೆ ಮುಖ ಹಾಕುವುದಿಲ್ಲ. ಶೇಂಗಾ ಬಿಡಿಸುವ ಯಂತ್ರವೊಂದನ್ನು ನಾನೊಬ್ಬನೇ ಮಾಡುತ್ತಿದ್ದೇನೆ. ಡ್ರಮ್ಮಿಗೂ ಜರಡಿಗೂ ಅಂತರ ಕಡಿಮೆಯಾದರೆ ಕಾಳು ಒಡೆಯುತ್ತದೆ, ಹೆಚ್ಚಾದರೆ ಕಾಯಿ ಬಿಡಿಸದೆ ಹಾಗೆಯೇ ಬೀಳುತ್ತದೆ. ಗೈಡ್ ಬಳಿ ಹೋದರೆ ನಾಳೆ ಬಾ ಎನ್ನುತ್ತಾರೆ. ಅಪ್ಪ ಶಿಕ್ಷಣ ಸಾಲಕ್ಕೆ ಸಹಿ ಹಾಕಿದ್ದಾರೆ. ಅವ್ವ ಫೋನ್ ಮಾಡಿದಾಗಲೆಲ್ಲ "ಕೆಲಸದ್ದು ಏನಾತಪಾ?" ಎಂದು ಕೇಳುತ್ತಾಳೆ, ಅವಳ ಫೋನ್ ಎತ್ತುವುದನ್ನೇ ಕಡಿಮೆ ಮಾಡಿದ್ದೇನೆ. ರಾತ್ರಿ ನಿದ್ದೆ ಬರುವುದಿಲ್ಲ, ಪುಸ್ತಕ ಹಿಡಿದರೆ ತಲೆಗೆ ಹತ್ತುವುದಿಲ್ಲ. ನಾಲ್ಕು ವರ್ಷ ದಂಡವಾಯಿತು ಅನ್ನಿಸುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ಬೆಂಗಳೂರು

ಉತ್ತರ: ಒಂದೇ ಉಸಿರಿನಲ್ಲಿ ನೀವು ಬರೆದಿರುವ ಸಂಗತಿಗಳಲ್ಲಿ ಕೆಲಸದ ಚಿಂತೆಯೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಆದರೆ ದಿನಾಂಕ ನಿಗದಿಯಾಗಿರುವುದು ಉಳಿದಿರುವ ಎರಡು ಪತ್ರಿಕೆಗಳಿಗೆ. ಕೆಲಸ ಈ ತಿಂಗಳು ಸಿಗದಿದ್ದರೆ ಇನ್ನೊಂದು ತಿಂಗಳು ಸಿಗಬಹುದು. ಪರೀಕ್ಷೆ ತಪ್ಪಿದರೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು, ಅಷ್ಟರಲ್ಲಿ ಸಿಕ್ಕ ಕೆಲಸವೂ ಪದವಿ ಮುಗಿದಿಲ್ಲವೆಂಬ ಕಾರಣಕ್ಕೆ ಕೈತಪ್ಪಬಹುದು. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ದಿನದ ಒಳ್ಳೆಯ ಹೊತ್ತನ್ನೆಲ್ಲ ಆ ಎರಡು ಪತ್ರಿಕೆಗಳಿಗೇ ಮೀಸಲಿಡಿ ಎಂಬುದು ನನ್ನ ಮೊದಲ ಸಲಹೆ.

ಬ್ಯಾಕ್ ಉಳಿದಿದೆ ಎಂದರೆ ಇಡೀ ವಿಷಯವನ್ನು ಮೊದಲಿನಿಂದ ಗೆಲ್ಲಬೇಕು ಎಂಬ ಭಯ ಬಹಳಷ್ಟು ವಿದ್ಯಾರ್ಥಿಗಳಲ್ಲಿರುತ್ತದೆ. ನಿಮ್ಮ ವಿಷಯದಲ್ಲಿ ಲೆಕ್ಕ ಅಷ್ಟು ಕಠಿಣವಾಗಿಲ್ಲ. ಇಂಟರ್ನಲ್ಸ್‌ನಲ್ಲಿ, ಅಂದರೆ ಕಾಲೇಜಿನ ಆಂತರಿಕ ಮೌಲ್ಯಮಾಪನದಲ್ಲಿ, ಅರ್ಹರಾಗಿದ್ದರೆ ಆ ಅಂಕಗಳು ಉಳಿದಿರುತ್ತವೆ, ನೀವು ಬರೆಯಬೇಕಾದದ್ದು ಸೆಮಿಸ್ಟರ್ ಪರೀಕ್ಷೆಯನ್ನು ಮಾತ್ರ. ಅದರಲ್ಲಿ ಕನಿಷ್ಠ ಶೇ 35, ಇಂಟರ್ನಲ್ಸ್ ಸೇರಿ ಒಟ್ಟಾರೆ ಶೇ 40 ಬೇಕು. 50ಕ್ಕೆ 24 ಇಂಟರ್ನಲ್ಸ್ ಇದ್ದವರಿಗೆ ಪರೀಕ್ಷೆಯಲ್ಲಿ 50ಕ್ಕೆ 18 ಬಂದರೆ ಸಾಕಾಗುತ್ತದೆ. 20 ಮಾತ್ರ ಇದ್ದವರಿಗೆ 20 ಬೇಕಾಗುತ್ತದೆ. 100 ಅಂಕಗಳಿಗೆ ಬರೆದು 50ಕ್ಕೆ ಇಳಿಸಿ ಲೆಕ್ಕ ಹಾಕುವ ಥಿಯರಿ ಪತ್ರಿಕೆಯಲ್ಲಿ ಐದು ಮಾಡ್ಯೂಲ್‌ಗಳಿದ್ದು, ಪ್ರತಿಯೊಂದರಿಂದ 20 ಅಂಕದ ಒಂದು ಪೂರ್ಣ ಪ್ರಶ್ನೆಯನ್ನು ಆರಿಸಿಕೊಳ್ಳುವ ಕ್ರಮ ನಿಮಗೆ ಗೊತ್ತೇ ಇದೆ. ಮೂರು ಮಾಡ್ಯೂಲ್‌ಗಳನ್ನು ಗಟ್ಟಿ ಮಾಡಿಕೊಂಡು, ಉಳಿದ ಎರಡರಲ್ಲಿ ತಿಳಿದಷ್ಟನ್ನು ಚಿತ್ರ ಮತ್ತು ಸೂತ್ರಗಳೊಂದಿಗೆ ಬರೆದರೆ ಗಡಿ ದಾಟುವುದು ಸಾಧ್ಯ. ಕಳೆದ ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು, ಗಡಿಯಾರ ನೋಡಿಕೊಂಡು, ಕೈಯಿಂದ ಬರೆದೇ ಅಭ್ಯಾಸ ಮಾಡಿ. ವಿಡಿಯೊ ನೋಡಿ ಅರ್ಥವಾಯಿತೆಂದು ಬಿಡುವುದು ಅಪಾಯಕಾರಿ, ಏಕೆಂದರೆ ಅರ್ಥವಾದದ್ದೆಲ್ಲ ಮೂರು ಗಂಟೆಯ ಒಳಗೆ ಕೈಗೆ ಬರುವುದಿಲ್ಲ. ಫಲಿತಾಂಶ ಬಂದ ಮೇಲೆ ಸ್ವಲ್ಪದರಲ್ಲಿ ತಪ್ಪಿದ್ದರೆ ಉತ್ತರಪತ್ರಿಕೆಯ ಫೋಟೊಕಾಪಿಗೂ ಮರುಮೌಲ್ಯಮಾಪನಕ್ಕೂ ಅರ್ಜಿ ಹಾಕಬಹುದು. ಅದಕ್ಕೆ ಕೊಡುವ ಅವಧಿ ಚಿಕ್ಕದು, ಬೇಸರದಲ್ಲಿ ಕುಳಿತು ಅದನ್ನು ಕಳೆದುಕೊಳ್ಳಬೇಡಿ. ಇದರ ಜೊತೆಗೆ ಪಠ್ಯೇತರ ಚಟುವಟಿಕೆಗಳಿಗೆ ಕೊಡುವ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್‌ಗಳು ನಿಮ್ಮ ಹೆಸರಿನಲ್ಲಿ 100 ಇವೆಯೇ ಎಂದು ಇಂದೇ ವಿಭಾಗದಲ್ಲಿ ವಿಚಾರಿಸಿ. ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಸೇರಿದವರಿಗೆ 75 ಸಾಕು. ಎಲ್ಲ ವಿಷಯಗಳಲ್ಲಿ ಪಾಸಾಗಿಯೂ ಇದೊಂದರಿಂದ ಪದವಿ ತಡೆಹಿಡಿದಿರುವುದನ್ನು ಕೊನೆಯ ತಿಂಗಳಲ್ಲಿ ಕಂಡು ಕಂಗಾಲಾಗುವವರಿದ್ದಾರೆ.

ಇನ್ನು ನಿಮ್ಮ ಪ್ರಾಜೆಕ್ಟ್. ಪತ್ರದಲ್ಲಿ ನನಗೆ ಬಹಳ ಸಂತೋಷ ಕೊಟ್ಟ ಭಾಗ ಅದು. ನೀವೋ ಅದನ್ನು ದೂರಿನ ನಡುವೆ ಒಂದು ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಡ್ರಮ್ಮಿಗೂ ಜರಡಿಗೂ ನಡುವಿನ ಅಂತರವನ್ನು ಬದಲಿಸಿದಾಗ ಕಾಳು ಹೇಗೆ ಒಡೆಯುತ್ತದೆ, ಕಾಯಿ ಹೇಗೆ ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿರುವವರು ನಿಮ್ಮ ತಂಡದಲ್ಲಿ ನೀವೊಬ್ಬರೇ. ಅದನ್ನು ಈಗ ಅಳತೆಗೆ ತನ್ನಿ. ಒಂದು ಕಿಲೋ ಕಾಯಿಯನ್ನು ಹಾಕಿ, ಇಡೀ ಕಾಳು, ಒಡೆದ ಕಾಳು, ಬಿಡಿಸದ ಕಾಯಿ ಮೂರನ್ನೂ ಬೇರೆ ಬೇರೆ ತೂಗಿ. ಅಂತರವನ್ನು ಬದಲಿಸಿ ಮತ್ತೆ ತೂಗಿ. ಕಾಯಿಯ ತೇವ ಬೇರೆಯಾದಾಗ ಏನಾಗುತ್ತದೆ ನೋಡಿ, ಏಕೆಂದರೆ ಅತಿಯಾಗಿ ಒಣಗಿದ ಕಾಳು ಬೇಗ ಒಡೆಯುತ್ತದೆ ಎಂಬುದು ನಿಮ್ಮ ಕಡೆಯ ರೈತರೆಲ್ಲರಿಗೂ ತಿಳಿದ ಮಾತು. ಆ ಅಂಕಿಗಳ ಒಂದು ಪುಟದ ಪಟ್ಟಿ, ದಪ್ಪ ರಟ್ಟು ಹಾಕಿ ಬಂಗಾರದ ಅಕ್ಷರ ಒತ್ತಿಸಿದ ವರದಿಯ ಉಳಿದೆಲ್ಲ ಪುಟಗಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ವೈವಾದಲ್ಲಿ ಹೊರಗಿನ ಪರೀಕ್ಷಕರು ವರದಿಯ ಯಾವುದೋ ಪುಟ ತೆರೆದು "ಈ ಅಂತರವನ್ನೇ ಏಕೆ ಇಟ್ಟಿರಿ?" ಎಂದು ಕೇಳಿದಾಗ ಉತ್ತರ ಇರುವುದು ನಿಮ್ಮ ಬಳಿ. ಕೆಲಸದ ಸಂದರ್ಶನದಲ್ಲಿಯೂ ಕೇಳುವುದು ಇಂಥದ್ದನ್ನೇ.

ಗೆಳೆಯರ ಮೇಲಿನ ನಿಮ್ಮ ಕೋಪ ನ್ಯಾಯವಾದದ್ದು, ಆದರೆ ಅದನ್ನು ಒಳಗೇ ಇಟ್ಟುಕೊಂಡು ಕುದಿಯುವ ಬದಲು ಯಾರು ಯಾವ ಅಧ್ಯಾಯ ಬರೆಯಬೇಕು, ಯಾವ ದಿನಕ್ಕೆ ಕೊಡಬೇಕು ಎಂಬುದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದು ಹಾಕಿ. ಗೈಡ್‌ಗೆ ಬರಿಗೈಯಲ್ಲಿ ಹೋಗಿ "ಸರ್, ನೋಡಿ" ಎನ್ನುವುದಕ್ಕಿಂತ, ಎರಡು ದಿನ ಮುಂಚೆ ಒಂದು ಅಧ್ಯಾಯವನ್ನು ಇಮೇಲ್ ಮಾಡಿ, ನಿರ್ದಿಷ್ಟವಾಗಿ ಮೂರು ಪ್ರಶ್ನೆ ಕೇಳಿ. ಅವರಿಗೂ ಕೊನೆಯ ತಿಂಗಳಲ್ಲಿ ಹಲವು ತಂಡಗಳ ವರದಿ, ಮೌಲ್ಯಮಾಪನ, ಇಂಟರ್ನಲ್ಸ್ ಎಲ್ಲವೂ ಒಟ್ಟಿಗೆ ಬಂದಿರುತ್ತವೆ. ಇದಾದ ಮೇಲೂ ಸಹಿ ಸಿಗದಿದ್ದರೆ ವಿಭಾಗದ ಮುಖ್ಯಸ್ಥರನ್ನು ಕಾಣುವುದರಲ್ಲಿ ತಪ್ಪಿಲ್ಲ.

ಕೆಲಸದ ಬಗ್ಗೆ ಒಂದು ವಾಸ್ತವವನ್ನು ಹೇಳಬೇಕು. ಕ್ಯಾಂಪಸ್ ನೇಮಕಾತಿ ನಿಮ್ಮ ಯೋಗ್ಯತೆಯೊಂದನ್ನೇ ಅವಲಂಬಿಸಿ ನಡೆಯುವುದಿಲ್ಲ. 2023–24ರ ಆರ್ಥಿಕ ವರ್ಷದಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಈ ಮೂರರ ಒಟ್ಟು ನೌಕರರ ಸಂಖ್ಯೆ ಸುಮಾರು 64 ಸಾವಿರದಷ್ಟು ಕುಗ್ಗಿತ್ತು. ಅಂಥ ವರ್ಷದಲ್ಲಿ ಕ್ಯಾಂಪಸ್‌ನಲ್ಲಿ ಕುಳಿತವನ ಅದೃಷ್ಟವೂ ಕಂಪನಿಗಳು ಪೈಪೋಟಿಯಿಂದ ಜನರನ್ನು ತೆಗೆದುಕೊಂಡ ವರ್ಷದವನ ಅದೃಷ್ಟವೂ ಒಂದೇ ಆಗಿರಲಿಲ್ಲ. ಮೆಕ್ಯಾನಿಕಲ್ ಓದಿದ ನಿಮಗೆ ಕ್ಯಾಂಪಸ್‌ನ ಹೊರಗೆ ಬೇರೆ ದಾರಿಗಳೂ ಇವೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ ಪೋರ್ಟಲ್‌ನಲ್ಲಿ ಪದವಿ ಮುಗಿದ ಕೂಡಲೇ ಹೆಸರು ನೋಂದಾಯಿಸಿ. ಬೆಂಗಳೂರಿನ ಬಿಇಎಲ್, ಎಚ್‌ಎಎಲ್‌ನಂತಹ ಸಂಸ್ಥೆಗಳು ಪದವೀಧರ ಅಪ್ರೆಂಟಿಸ್‌ಗಳನ್ನು ಇದರ ಮೂಲಕ ತೆಗೆದುಕೊಳ್ಳುತ್ತವೆ. ತರಬೇತಿ ಒಂದು ವರ್ಷದ್ದು, ಸ್ಟೈಪೆಂಡ್ ಉಂಟು, ಆದರೆ ಕೊನೆಗೆ ಅಲ್ಲಿಯೇ ನೌಕರಿ ಎಂಬ ಭರವಸೆ ಇಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕೆಲಸದ ಅನುಭವ ಇರುವವರಿಗೆ ಅವಕಾಶವಿಲ್ಲದ ಕಾರಣ ಇದನ್ನು ಮೊದಲೇ ಯೋಚಿಸಬೇಕು. ಯಂತ್ರದ ಕೆಲಸದಲ್ಲಿ ನಿಮಗೆ ಆಸಕ್ತಿಯಿರುವುದು ಪತ್ರದಿಂದಲೇ ತಿಳಿಯುತ್ತದೆ. ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿಟಿಟಿಸಿ) ಟೂಲ್ ವಿನ್ಯಾಸ, ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳ ತರಬೇತಿ ಪಡೆದು ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಆರಂಭಿಸಿದವರು ಅನೇಕರಿದ್ದಾರೆ. ಅಲ್ಲಿ ಮೊದಲ ಸಂಬಳ ನಿಮ್ಮ ಸಾಫ್ಟ್‌ವೇರ್ ಗೆಳೆಯರಿಗಿಂತ ಕಡಿಮೆ ಇರುತ್ತದೆ, ಅದನ್ನು ಮುಚ್ಚಿಟ್ಟು ಸಲಹೆ ಕೊಡುವುದು ಸರಿಯಲ್ಲ.

ಸಾಲದ ವಿಚಾರದಲ್ಲಿ ನಿಮ್ಮ ಭಯ ವಾಸ್ತವಕ್ಕಿಂತ ಮುಂದೆ ಓಡುತ್ತಿದೆ. ಬ್ಯಾಂಕುಗಳು ಅನುಸರಿಸುವ ಮಾದರಿ ಶಿಕ್ಷಣ ಸಾಲ ಯೋಜನೆಯಂತೆ ಕೋರ್ಸ್ ಅವಧಿಯಲ್ಲೂ ಅದು ಮುಗಿದ ಮೇಲೆ ಒಂದು ವರ್ಷದವರೆಗೂ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ನಂತರ ತೀರಿಸಲು 15 ವರ್ಷಗಳವರೆಗೆ ಅವಕಾಶವಿದೆ. ನಿಮ್ಮ ಮಂಜೂರಾತಿ ಪತ್ರದಲ್ಲಿ ಏನು ಬರೆದಿದೆ ಎಂಬುದನ್ನು ಓದಿ, ಶಾಖೆಗೆ ಹೋಗಿ ಮೊದಲ ಕಂತಿನ ತಿಂಗಳು ಯಾವುದೆಂದು ಕೇಳಿ ಬರೆದುಕೊಳ್ಳಿ.

ಅವ್ವನ ಫೋನ್ ಎತ್ತಿ. "ಎರಡು ಪೇಪರ್ ಉಳದಾವ ಅವ್ವಾ, ಅವನ್ನ ಮುಗಿಸಿ ಕೆಲಸ ಹುಡುಕತೀನಿ, ಸಾಲದ ಕಂತು ಇನ್ನೂ ಒಂದು ವರ್ಷ ಬರಂಗಿಲ್ಲ" ಎಂದು ನೀವೇ ಹೇಳಿ. ಬ್ಯಾಕ್ ಉಳಿದ ಸುದ್ದಿ ಊರಿನ ಇನ್ನೊಬ್ಬ ಹುಡುಗನ ಬಾಯಿಂದ ಮನೆಗೆ ಮುಟ್ಟಿದಾಗ ಹೆತ್ತವರಿಗೆ ಆಗುವ ನೋವು, ಬ್ಯಾಕ್ ಉಳಿದದ್ದಕ್ಕಿಂತ ದೊಡ್ಡದಾಗಿರುವುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಅವಳು ಕೇಳುತ್ತಿರುವುದು ಕೆಲಸದ ಬಗ್ಗೆಯಾದರೂ ಮಗ ಹೇಗಿದ್ದಾನೆ ಎಂಬ ಚಿಂತೆಯೇ ಆ ಪ್ರಶ್ನೆಯಲ್ಲಿ ಹೆಚ್ಚು.

ನಿದ್ದೆ ಬಾರದಿರುವುದನ್ನು ಮಾತ್ರ ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ. ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಈ ಸೇವೆಯ ಹಿಂದೆ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. ಬದುಕಿ ಏನು ಪ್ರಯೋಜನ ಎಂಬ ಆಲೋಚನೆ ಒಂದು ಕ್ಷಣಕ್ಕೆ ಸುಳಿದರೂ ಆ ರಾತ್ರಿಯೇ ಕರೆ ಮಾಡಿ, ಪಕ್ಕದ ಕೋಣೆಯ ಗೆಳೆಯನನ್ನು ಎಬ್ಬಿಸಿ ಹೇಳಿ.

ಪ್ರಶ್ನೆ: ಹಾಸನ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಎಂ.ಎ. ಮಾಡಿ ಉಪನ್ಯಾಸಕಿಯಾಗಬೇಕೆಂಬ ಆಸೆ. ಮನೆಯಲ್ಲಿ "ಡಿಗ್ರಿ ಮುಗೀತಲ್ಲ, ಇನ್ನೇನು" ಎಂದು ಗಂಡು ನೋಡಲು ಶುರು ಮಾಡಿದ್ದಾರೆ. ಕಾಲೇಜಿನ ಒಂದೊಂದು ದಿನ ಕಳೆಯುತ್ತಿದ್ದಂತೆ ಬಾಗಿಲು ಮುಚ್ಚಿಕೊಳ್ಳುತ್ತಿದೆ ಅನ್ನಿಸಿ ಅಳು ಬರುತ್ತದೆ.
– ಎಂ., ಹಾಸನ ಜಿಲ್ಲೆ

ಉತ್ತರ: "ಇನ್ನೂ ಓದುತ್ತೇನೆ" ಎಂಬ ಮಾತು ಹೆತ್ತವರಿಗೆ ಕೊನೆಯಿಲ್ಲದ ದಾರಿಯಂತೆ ಕೇಳಿಸುತ್ತದೆ. ಅದರ ಬದಲು ಎಷ್ಟು ವರ್ಷ, ಎಲ್ಲಿ, ಖರ್ಚೆಷ್ಟು, ಮುಗಿದ ಮೇಲೆ ಏನು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಮಾತನಾಡಿ. ಎಂ.ಎ. ಎರಡು ವರ್ಷ. ಹಾಸನದ ಹೇಮಗಂಗೋತ್ರಿಯಲ್ಲಿಯೇ ಸ್ನಾತಕೋತ್ತರ ತರಗತಿಗಳಿವೆ. ನಿಮ್ಮ ವಿಷಯ ಅಲ್ಲಿದ್ದರೆ ಮನೆಯಿಂದಲೇ ಓಡಾಡಬಹುದು. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಜಾರಿಯಾದ ಮೇಲೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ನಿಮಗೆ ಟಿಕೆಟ್ ಹಣವೂ ಬೇಕಾಗಿಲ್ಲ. ಮೈಸೂರಿಗೆ ಹೋಗಬೇಕಾದರೆ ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಬಾಲಕಿಯರ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಹಿಂದುಳಿದ ವರ್ಗದವರಾಗಿದ್ದು ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಊಟ, ವಸತಿಗೆ ನೆರವು ಸಿಗುತ್ತದೆ. ಪದವಿ ಕಾಲೇಜಿನಲ್ಲಿ ಉಪನ್ಯಾಸಕಿಯಾಗಲು ಎಂ.ಎ.ಯಲ್ಲಿ ಶೇ 55 ಅಂಕ ಪಡೆದು, ಮೀಸಲು ವರ್ಗದವರಾದರೆ ಶೇ 50, ಕೆ–ಸೆಟ್ ಅಥವಾ ನೆಟ್ ಎಂಬ ಅರ್ಹತಾ ಪರೀಕ್ಷೆ ಪಾಸಾಗಬೇಕು ಎಂಬುದನ್ನೂ ಅಪ್ಪನಿಗೆ ವಿವರಿಸಿ.

ಇಷ್ಟೆಲ್ಲ ಹೇಳಿಯೂ ಒಪ್ಪದಿದ್ದರೆ ನಿಮ್ಮ ಪ್ರಾಧ್ಯಾಪಕರಲ್ಲಿ ಮನೆಯವರು ಗೌರವಿಸುವ ಒಬ್ಬರನ್ನು ಮನೆಗೆ ಕರೆದುಕೊಂಡು ಹೋಗಿ ಮಾತನಾಡಿಸಿ. ಹಳ್ಳಿಯ ಮನೆಗಳಲ್ಲಿ ಮೇಷ್ಟ್ರ ಮಾತಿಗೆ ಇಂದಿಗೂ ತೂಕವಿದೆ. ನಿಮ್ಮ ಒಪ್ಪಿಗೆಯಿಲ್ಲದೆ ಮದುವೆ ಮಾಡುವ ಹಕ್ಕು ಯಾರಿಗೂ ಇಲ್ಲ ಎಂಬುದು ನಿಮಗೆ ಖಚಿತವಾಗಿ ತಿಳಿದಿರಲಿ. ಪ್ರವೇಶದ ಅರ್ಜಿಯನ್ನು ಮಾತ್ರ ಒಪ್ಪಿಗೆಗೆ ಕಾಯದೆ ಸಮಯಕ್ಕೆ ಸರಿಯಾಗಿ ಹಾಕಿಬಿಡಿ. ಸೀಟು ಕೈಯಲ್ಲಿದ್ದಾಗ ನಡೆಯುವ ಮಾತುಕತೆಯ ಬಲವೇ ಬೇರೆ.

ಪ್ರಶ್ನೆ: ಬಿ.ಸಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಆಫರ್ ಲೆಟರ್ ಬಂದಿದೆ, ಆದರೆ ಅದೇ ಕಂಪನಿಗೆ ಆಯ್ಕೆಯಾದ ಸೀನಿಯರ್‌ಗಳಿಗೆ ಇನ್ನೂ ಜಾಯ್ನಿಂಗ್ ದಿನಾಂಕ ಕೊಟ್ಟಿಲ್ಲ. ಈ ನಡುವೆ ಒಂದು ಕನ್ಸಲ್ಟೆನ್ಸಿಯವರು ಒಂದೂವರೆ ಲಕ್ಷ ಕೊಟ್ಟು ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿದರೆ ಬ್ಯಾಕ್‌ಡೋರ್‌ನಲ್ಲಿ ಕೆಲಸ ಕೊಡಿಸುತ್ತೇವೆ ಎನ್ನುತ್ತಿದ್ದಾರೆ. ನಂಬಬಹುದೇ?
– ಆರ್., ದಾವಣಗೆರೆ

ಉತ್ತರ: ನಂಬಬೇಡಿ. ಯೋಗ್ಯ ಕಂಪನಿ ಕೆಲಸ ಕೊಡಲು ಹಣ ಕೇಳುವುದಿಲ್ಲ. ಈಗಾಗಲೇ ಆನ್‌ಲೈನ್‌ನಲ್ಲಿ ಮುಂಗಡವೇನಾದರೂ ಕಳುಹಿಸಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ದೂರು ಕೊಡಿ. ಬಂದಿರುವ ಆಫರ್ ಲೆಟರ್ ಅನ್ನು ಇಟ್ಟುಕೊಂಡೇ ಬೇರೆ ಕಡೆ ಪ್ರಯತ್ನ ಮುಂದುವರಿಸಿ. ಪಾಸಾಗಿ 180 ದಿನ ಕಳೆದರೂ ಕೆಲಸ ಸಿಗದಿದ್ದರೆ, ಮುಂದಿನ ಓದಿಗೆ ಸೇರಿರದಿದ್ದರೆ, ಯುವನಿಧಿ ಯೋಜನೆಯಡಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಭತ್ಯೆ ಉಂಟು. ಅರ್ಜಿಯನ್ನು ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಾಕಬೇಕು. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಟ್ಟಂತೆ ಯಾರ ಬಳಿಯೂ ಬಿಡಬೇಡಿ. ಕಾಲೇಜುಗಳೇ ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2018ರಲ್ಲಿ ಸ್ಪಷ್ಟಪಡಿಸಿದೆ. ಸಂದರ್ಶನಕ್ಕೆ ಹೋದಾಗ ಮೂಲವನ್ನು ತೋರಿಸಿ, ಸಹಿ ಮಾಡಿದ ಜೆರಾಕ್ಸ್ ಪ್ರತಿ ಕೊಟ್ಟು, ಮೂಲವನ್ನು ಜೊತೆಗೇ ವಾಪಸ್ ತನ್ನಿ.