ಡಿಕ್ಷನರಿ ಕೊಟ್ಟರೆ ಸಾಲದು, ನೋಡುವುದನ್ನೂ ಕಲಿಸಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಮಕ್ಕಳು ಸಾಲುಸಾಲಿಗೂ ಡಿಕ್ಷನರಿ ತೆಗೆಯುತ್ತಾರೆ, ಆದರೂ ಅರ್ಥ ತಪ್ಪು ಬರೆದುಕೊಳ್ಳುತ್ತಾರೆ. ಇಂಗ್ಲಿಷ್–ಕನ್ನಡ ಡಿಕ್ಷನರಿ ಬಿಡಿಸಿ, ಇಂಗ್ಲಿಷ್–ಇಂಗ್ಲಿಷ್ ಮಾತ್ರ ಕೊಡಿ ಅಂತ ಜೊತೆಯ ಶಿಕ್ಷಕರು ಹೇಳುತ್ತಾರೆ. ಹಾಗೆ ಮಾಡಲೇ?

ಉತ್ತರ: ದಯವಿಟ್ಟು ಬಿಡಿಸಬೇಡಿ. ಮಕ್ಕಳ ಕೈಗೆ ಡಿಕ್ಷನರಿ ಕೊಡುತ್ತೇವೆ, ನೋಡುವುದು ಹೇಗೆ ಅಂತ ಹೇಳಿಕೊಡುವವರು ಕಡಿಮೆ. ಮೊದಲು ಕಣ್ಣಿಗೆ ಬಿದ್ದ ಅರ್ಥ ಬರೆದುಕೊಂಡು ಅವರು ಮುಂದೆ ಹೋಗುತ್ತಾರೆ. ತಪ್ಪಾಗುವುದು ಅಲ್ಲೇ.

'ಶಿ ಕುಡಂಟ್ ಬೇರ್ ದ ನಾಯ್ಸ್' ಅನ್ನುವ ಸಾಲು ತೆಗೆದುಕೊಳ್ಳಿ. 'ಬೇರ್' ಹುಡುಕಿದ ಹುಡುಗ ಸುಮ್ನೆ 'ಕರಡಿ' ಅಂತ ಬರೆದುಕೊಳ್ಳಬಹುದು. ಡಿಕ್ಷನರಿ ತೆರೆಯುವ ಮೊದಲೇ ಅವನನ್ನು ಕೇಳಿ: ಇದು ಇಲ್ಲಿ ನಾಮಪದವೋ, ಕ್ರಿಯಾಪದವೋ? ಹಿಂದೆ 'ಕುಡಂಟ್' ಇದೆ, ಹಾಗಾದರೆ ಕ್ರಿಯಾಪದ. ಅಲ್ಲಿಗೆ ಕರಡಿ ಬಿಟ್ಟುಹೋಯಿತು. ಕ್ರಿಯಾಪದದ ಕೆಳಗೂ ಹೊರು, ಹೆರು, ಸಹಿಸು ಅಂತ ಹಲವು ಅರ್ಥಗಳಿರುತ್ತವೆ. ಒಂದೊಂದನ್ನೂ ಆ ಸಾಲಿಗೆ ಹಾಕಿ ಓದಿಸಿ. ಗದ್ದಲವನ್ನು ಹೊರಲು ಆಗಲಿಲ್ಲವೋ, ಸಹಿಸಲು ಆಗಲಿಲ್ಲವೋ? ಮಕ್ಕಳೇ ಸರಿಯಾದದ್ದನ್ನು ಆರಿಸುತ್ತಾರೆ. ನಾವೇ ಅರ್ಥ ಹೇಳಿಬಿಟ್ಟರೆ ಈ ಅಭ್ಯಾಸ ಬರುವುದೇ ಇಲ್ಲ. ವಾರಕ್ಕೆ ಹತ್ತು ನಿಮಿಷ ಇದಕ್ಕೆಂದೇ ಇಡಿ.

ಇನ್ನು, ಪ್ರತಿ ಪದಕ್ಕೂ ಡಿಕ್ಷನರಿ ಬೇಡ. ಜಪಾನಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ದ್ವಿಭಾಷಾ ಡಿಕ್ಷನರಿ ನೋಡುತ್ತಾ ಕಥೆ ಓದಿದವರು, ನೋಡದೆ ಓದಿದವರಿಗಿಂತ ಜಾಸ್ತಿ ಪದ ಕಲಿತರು. ಆದರೆ ಓದಲು ಅವರಿಗೆ ಬಹಳ ಹೆಚ್ಚು ಸಮಯ ಹಿಡಿಯಿತು. ಹಲವು ಅರ್ಥಗಳಿರುವ ಪದಗಳಲ್ಲಿ ಗೊಂದಲವೂ ಆಯಿತು. ಅದಕ್ಕೇ ಮೊದಲು ಇಡೀ ಪ್ಯಾರಾ ಓದಿಸಿ. ಯಾವ ಪದ ಗೊತ್ತಿಲ್ಲದೆ ಕಥೆಯೇ ನಿಂತುಹೋಗುತ್ತದೋ, ಯಾವುದು ಮತ್ತೆ ಮತ್ತೆ ಬರುತ್ತದೋ, ಅದಕ್ಕೆ ಮಾತ್ರ ಗೆರೆ ಎಳೆಯಲಿ. ಉಳಿದದ್ದನ್ನು ಊಹಿಸಲಿ.

ಇಂಗ್ಲಿಷ್–ಇಂಗ್ಲಿಷ್ ಡಿಕ್ಷನರಿಯೂ ಬೇಕು, ಆದರೆ ಕಲಿಯುವವರಿಗೆಂದೇ ಮಾಡಿದ್ದು ಇರಲಿ. 1978ರಲ್ಲಿ ಬಂದ ಲಾಂಗ್‌ಮನ್ ಡಿಕ್ಷನರಿ ಸುಮಾರು 2,000 ಸುಲಭ ಪದಗಳಲ್ಲೇ ಎಲ್ಲ ಅರ್ಥ ಹೇಳಲು ಹೊರಟಿತು. 1987ರ ಕೋಬಿಲ್ಡ್ ಡಿಕ್ಷನರಿ ಪೂರ್ತಿ ವಾಕ್ಯಗಳಲ್ಲೇ ಅರ್ಥ ಬಿಡಿಸಿತು. ಆ ಸುಲಭ ಪದಗಳೂ ಬಾರದ ಮಗುವಿಗೆ ಇವನ್ನು ಕೊಟ್ಟರೆ, ಒಂದು ಪದ ಹುಡುಕಲು ಹೋಗಿ ಇನ್ನೂ ಮೂರು ಹುಡುಕಬೇಕಾಗುತ್ತದೆ. ಪಾಪ, ಬೇಸರ ಬಂದುಬಿಡುತ್ತದೆ.

ಇವುಗಳ ನಿಜವಾದ ಉಪಯೋಗ ಬರೆಯುವಾಗ. 'ಡಿಸ್ಕಸ್ಡ್ ಅಬೌಟ್ ದ ಪ್ರಾಬ್ಲಮ್' ಅಂತ ಎಷ್ಟು ಜನ ಬರೆಯುತ್ತಾರೆ, ಅಲ್ವಾ? 'ಡಿಸ್ಕಸ್' ಪದದ ಕೆಳಗಿನ ಉದಾಹರಣೆ ವಾಕ್ಯಗಳನ್ನು ನೋಡಿದರೆ ಅಲ್ಲಿ 'ಅಬೌಟ್' ಬೇಡ ಅಂತ ಗೊತ್ತಾಗುತ್ತದೆ. 'ಅಡ್ವೈಸ್' ಪಕ್ಕದಲ್ಲಿ 'ಯು' ಅಂತ ಗುರುತು ಇದ್ದರೆ ಅದನ್ನು ಎಣಿಸಲು ಆಗದು, 'ಅಡ್ವೈಸಸ್' ಅಂತ ಬರೆಯಬಾರದು. ಇಷ್ಟೆಲ್ಲ ಮಾಹಿತಿ ಅಲ್ಲೇ ಇದ್ದರೂ ಮಕ್ಕಳು ಅರ್ಥ ನೋಡಿ ಪುಸ್ತಕ ಮುಚ್ಚಿಬಿಡುತ್ತಾರಲ್ಲ, ನನಗೆ ಬೇಜಾರಾಗುವುದು ಅದಕ್ಕೇ. ಅರ್ಥದ ಜೊತೆ ಒಂದು ಉದಾಹರಣೆ ವಾಕ್ಯವನ್ನೂ ಬರೆದುಕೊಳ್ಳಬೇಕು ಅಂತ ನಿಯಮ ಮಾಡಿ.

ಪ್ರಶ್ನೆ: ಮಗಳು ಫೋನಿನಲ್ಲೇ ಅರ್ಥ ನೋಡುತ್ತಾಳೆ. ಪರವಾಗಿಲ್ಲವೇ?

ಉತ್ತರ: ಪರವಾಗಿಲ್ಲ. ಆದರೆ ಅನುವಾದದ ಆ್ಯಪ್‌ನಲ್ಲಿ ಪದ ಒಂದನ್ನೇ ಹಾಕಿದರೆ ಸಂದರ್ಭ ಅದಕ್ಕೆ ತಿಳಿಯದು. ಒಳ್ಳೆಯ ಡಿಕ್ಷನರಿ ಆ್ಯಪ್ ಹಾಕಿಕೊಡಿ. ಅದರಲ್ಲಿ ಉಚ್ಚಾರಣೆ ಕೇಳಬಹುದು, ಅದು ದೊಡ್ಡ ಲಾಭ. 'ರೆಕಾರ್ಡ್' ನಾಮಪದವಾದಾಗ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದಾಗ ಎರಡನೆಯದಕ್ಕೆ. ಎರಡನ್ನೂ ಕೇಳಿಸಿ, ಜೋರಾಗಿ ಹೇಳಿಸಿ. ಅಚ್ಚಾದ ಡಿಕ್ಷನರಿಯಲ್ಲಾದರೆ ಒತ್ತು ಬೀಳುವ ಭಾಗ ಶುರುವಾಗುವ ಮೊದಲೇ, ಮೇಲುಗಡೆ ಒಂದು ಸಣ್ಣ ಗೀಟು ಇರುತ್ತದೆ. ಅದನ್ನೂ ತೋರಿಸಿಕೊಡಿ.